ನಿಕಲ್-ಮ್ಯಾಂಗನೀಸ್-ಗ್ಯಾಲಿಯಮ್ ಬೇಕೋ, ನೈಟಿನಾಲ್ ಸಾಕೋ?

ಪುಟ್ಟ ಪಂಪ್ ಅಥವಾ ವಾಲ್ವ್ ಆಡಿಸೋಕೆ ಆಕಾರ ಬದಲಿಸುವ ಲೋಹ ಹುಡುಕುತ್ತಿದ್ದೀರಾ? ಬಲ ಬೇಕಿದ್ದರೆ ಯೋಚನೆಯೇ ಬೇಡ, ನಿಕಲ್ ಮತ್ತು ಟೈಟಾನಿಯಮ್ ಸೇರಿದ ಮಿಶ್ರಲೋಹ ನೈಟಿನಾಲ್ ತಗೊಳ್ಳಿ. ತಂತಿಯಾಗಿ ಸಿಗುತ್ತದೆ, ಬಗ್ಗಿಸಿ ಬಿಸಿ ಮಾಡಿದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಆದರೆ ಪ್ರತಿ ಸಲ ತಣ್ಣಗಾಗೋ ತನಕ ಕಾಯಬೇಕಲ್ವಾ, ಅಲ್ಲೇ ನಿಧಾನ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು, ನಿಕಲ್-ಮ್ಯಾಂಗನೀಸ್-ಗ್ಯಾಲಿಯಮ್ ಅನ್ನೋ ಮೂರು ಲೋಹ ಸೇರಿದ್ದು. ಇದಕ್ಕೆ ಬಿಸಿ ಬೇಡ, ಅಯಸ್ಕಾಂತ ಸಾಕು. 1996ರಲ್ಲಿ ಇದು ಸುಮಾರು 0.2% ಹಿಗ್ಗಿದ್ದೇ ದೊಡ್ಡ ಸುದ್ದಿ. ಆಮೇಲೆ ಒಳ್ಳೆ ಒಂಟಿ ಹರಳುಗಳಲ್ಲಿ (ಇಡೀ ತುಂಡೇ ಒಂದೇ ಹರಳಾಗಿರುವಂಥದ್ದು) ಅದು 6% ದಾಟಿ, ಕೆಲವು ರಚನೆಗಳಲ್ಲಿ 10%ರ ಹತ್ತಿರ ಹೋಯಿತು. ಪಾಲಿಶ್ ಮಾಡಿದ ಹರಳಿನ ಪಕ್ಕ ಬಲವಾದ ಅಯಸ್ಕಾಂತ ಸರಿಸಿದರೆ ಅದರ ಮೈಮೇಲೆ ಒಂದು ಗೆರೆ ಈ ತುದಿಯಿಂದ ಆ ತುದಿಗೆ ಸರಿಯುತ್ತದೆ, ಗೆರೆ ಸರಿದಷ್ಟೂ ಹರಳಿನ ಉದ್ದ ಬದಲಾಗುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ಆಡಬಲ್ಲದು. ವೇಗವೇ ಮುಖ್ಯ ಅಂದರೆ ಇದನ್ನೇ ಆರಿಸಿ.

ಕಷ್ಟಗಳೂ ಇವೆ. ಒಂಟಿ ಹರಳು ಬೆಳೆಸೋದು ಸುಲಭವಲ್ಲ, ಬೇಗ ಬಿರುಕು ಬಿಡುತ್ತದೆ. ತಳ್ಳುವ ಬಲ ಬರೀ ಕೆಲವು ಮೆಗಾಪಾಸ್ಕಲ್ (ಒತ್ತಡದ ಅಳತೆ), ನೈಟಿನಾಲ್‌ನದು ನೂರಾರು. ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಂತಗುಣವೇ ಹೋಗುತ್ತದೆ. ಜೊತೆಗೆ ಕಾಂತಕ್ಷೇತ್ರ ಕೊಡುವ ತಂತಿಯ ಸುರುಳಿಗೂ (ಕಾಯಿಲ್) ಜಾಗ ಬಿಡಬೇಕು, ಅದು ಹರಳಿಗಿಂತ ಎಷ್ಟೋ ದೊಡ್ಡದು.