ಪಾರ್ಟಿಷನ್ ಅಳತೆ ಬದಲಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕೇ, ಜಿಪಾರ್ಟೆಡ್ ಬೇಕೇ?

ಸಿ ಡ್ರೈವ್ ತುಂಬಿ ಕೆಂಪಾಗಿದೆ, ಪಕ್ಕದ ಡಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿದೆ. ಅಲ್ಲಿಂದ ಇಲ್ಲಿಗೆ ಜಾಗ ತರಲು ಉಚಿತ ದಾರಿಗಳು ಎರಡು: ವಿಂಡೋಸ್ ಜೊತೆಗೇ ಬರುವ ಡಿಸ್ಕ್ ಮ್ಯಾನೇಜ್‌ಮೆಂಟ್, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬಳಸುವ ಜಿಪಾರ್ಟೆಡ್. ಎರಡನ್ನೂ ಬಳಸಿ ನೋಡಿದರೆ ಆಯ್ಕೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಪಾರ್ಟಿಷನ್ (ಸಿ, ಡಿಯಂತೆ ಡಿಸ್ಕ್‌ನ ಒಂದು ಭಾಗ) ಶುರುವಾಗುವ ಜಾಗ ಸರಿಯಬೇಕೇ, ಬೇಡವೇ? ಕೊನೆಯ ಅಂಚು ಮಾತ್ರ ಬದಲಾಗುವುದಾದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು. ಶುರುವೇ ಸರಿಯಬೇಕೆಂದರೆ ಅದರ ಕೈಯಲ್ಲಿ ಆಗುವುದಿಲ್ಲ.

ಎರಡರಲ್ಲಿ ಯಾವುದಾದರೂ ಸರಿ, ಮೊದಲು ಬ್ಯಾಕಪ್. ಅದೂ ಬೇರೆ ಡಿಸ್ಕ್‌ಗೆ. ಅದೇ ಡಿಸ್ಕ್‌ನ ಇನ್ನೊಂದು ಪಾರ್ಟಿಷನ್‌ಗೆ ಹಾಕಿಟ್ಟದ್ದನ್ನು ಬ್ಯಾಕಪ್ ಎನ್ನಲಾಗದು.

ಡಿಸ್ಕ್ ಮ್ಯಾನೇಜ್‌ಮೆಂಟ್ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದಾಗ ಬರುವ ಮೆನುವಿನಲ್ಲಿದೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಆರಿಸಿ. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 50 ಜಿಬಿ ಬೇಕಿದ್ದರೆ 51200 ಎಂದು ಕೊಡಿ. ವಿಂಡೋಸ್ ನಡೆಯುತ್ತಿರುವಾಗಲೇ ಕೆಲಸ ಮುಗಿಯುತ್ತದೆ, ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಗೂಢಲಿಪಿ ಸೌಲಭ್ಯ ಬಿಟ್‌ಲಾಕರ್ ಇದ್ದರೂ ತೊಂದರೆಯಿಲ್ಲ. ಭದ್ರತೆಯಲ್ಲಿ ಇದಕ್ಕೇ ಮೊದಲ ಸ್ಥಾನ.

ಆದರೆ 200 ಜಿಬಿ ಖಾಲಿಯಿದ್ದರೂ ‘20 ಜಿಬಿಯಷ್ಟೇ ಕುಗ್ಗಿಸಬಹುದು’ ಎಂದು ತೋರಿಸುವುದುಂಟು. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ಪ್ರತಿಗಳಂಥ ಕದಲಿಸಲಾಗದ ಫೈಲ್ ಎಲ್ಲಿ ಕೂತಿದೆಯೋ ಅಲ್ಲಿಗೆ ಕುಗ್ಗುವುದು ನಿಲ್ಲುತ್ತದೆ. ಅಡ್ಡ ನಿಂತಿರುವುದು ಯಾವುದು ಎಂದು ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್‌ನಲ್ಲಿ 259ನೇ ಸಂಖ್ಯೆಯ ನಮೂದು ಹೇಳುತ್ತದೆ. ಹೈಬರ್ನೇಷನ್, ಸಿಸ್ಟಮ್ ಪ್ರೊಟೆಕ್ಷನ್, ಪೇಜ್‌ಫೈಲ್ ಮೂರನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಕುಗ್ಗಿಸಿ, ಮತ್ತೆ ಆನ್ ಮಾಡಿ. ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿದರೆ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಹೋಗುತ್ತವೆ ಎಂಬುದು ನೆನಪಿರಲಿ.

ಡಿಸ್ಕ್ ಮ್ಯಾನೇಜ್‌ಮೆಂಟ್ ಸೋಲುವುದು ಹಿಗ್ಗಿಸುವಾಗ. ಡಿ ಕುಗ್ಗಿಸಿದರೆ ಖಾಲಿ ಜಾಗ ಹುಟ್ಟುವುದು ಡಿಯ ಬಲಕ್ಕೆ. ಸಿಗೆ ಬೇಕಿರುವುದು ತನ್ನ ಬಲಕ್ಕೇ ಅಂಟಿಕೊಂಡ ಜಾಗ. ಹಾಗಾಗಿ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿ, ಒತ್ತಲು ಬಾರದಂತೆ ಕಾಣುತ್ತದೆ. ಸಿ, ಡಿ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನಗಳಿರುವ ಭಾಗ) ಇದ್ದರಂತೂ ಇನ್ನೊಂದು ಗೋಡೆ. ಅದಿಲ್ಲದೆ, ಡಿಯಲ್ಲಿ ಇರುವುದೂ ಸ್ವಲ್ಪವೇ ಆದರೆ ಜಿಪಾರ್ಟೆಡ್ ಗೊಡವೆಯೇ ಬೇಡ: ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ನಕಲಿಸಿ, ಡಿ ಅಳಿಸಿ, ಸಿ ಹಿಗ್ಗಿಸಿ, ಉಳಿದ ಜಾಗದಲ್ಲಿ ಹೊಸ ಡಿ ಮಾಡಿ.

ಜಿಪಾರ್ಟೆಡ್ ಪಾರ್ಟಿಷನ್ನನ್ನೇ ಎತ್ತಿ ಬೇರೆಡೆ ಕೂರಿಸುತ್ತದೆ. ಅಪಾಯ ಇರುವುದೂ ಅಲ್ಲೇ: ಪ್ರತಿ ಬ್ಲಾಕ್ ಹೊಸ ಜಾಗಕ್ಕೆ ನಕಲಾಗಬೇಕು, ನಡುವೆ ಕರೆಂಟ್ ಹೋದರೆ ಫೈಲ್‌ಸಿಸ್ಟಮ್ ಅರ್ಧ ಅಲ್ಲಿ, ಅರ್ಧ ಇಲ್ಲಿ. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ನೂರಾರು ಜಿಬಿ ಸರಿಸಲು ಗಂಟೆಗಟ್ಟಲೆ ಬೇಕು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಚುಚ್ಚಿಯೇ ಇರಲಿ.

ಮೊದಲು ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ನಡೆಸಿ, ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ಸಾಮಾನ್ಯ ಶಟ್‌ಡೌನ್ ಅರೆನಿದ್ದೆಯಷ್ಟೇ. ಅಂಥ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್‌ಸಿಸ್ಟಮ್) ಪಾರ್ಟಿಷನ್ನನ್ನು ಜಿಪಾರ್ಟೆಡ್ ಮುಟ್ಟಲು ಒಪ್ಪುವುದಿಲ್ಲ. ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಲದು, ಪೂರ್ತಿ ಡಿಕ್ರಿಪ್ಟ್ ಆಗಬೇಕು.

ಸಮಯ ಉಳಿಸುವ ಕ್ರಮ ಹೀಗಿದೆ. ಸರಿಸುವಾಗ ಜಿಪಾರ್ಟೆಡ್ ಪಾರ್ಟಿಷನ್‌ನೊಳಗಿನ ಖಾಲಿ ಜಾಗವನ್ನೂ ನಕಲಿಸುತ್ತದೆ. ಆದ್ದರಿಂದ ಮೊದಲು ಡಿಯ ಬಲ ಅಂಚನ್ನು ಒಳಗಿನ ಡೇಟಾ ಹಿಡಿಯುವಷ್ಟಕ್ಕೆ ಎಳೆದು ಅಪ್ಲೈ ಮಾಡಿ. ನಂತರ ಡಿಯನ್ನು ಬಲಕ್ಕೆ ಸರಿಸಿ ಅಪ್ಲೈ. ಕೊನೆಗೆ ಡಿಯ ಬಲ ಅಂಚನ್ನು ಡಿಸ್ಕ್‌ನ ತುದಿಗೆ ಹಿಗ್ಗಿಸಿ ಅಪ್ಲೈ. ಸಾಲಾಗಿ ಇಟ್ಟು ಒಮ್ಮೆಗೇ ಅಪ್ಲೈ ಮಾಡಿದರೆ ಮೂರನ್ನೂ ಒಂದಾಗಿ ಸೇರಿಸಿಬಿಡುತ್ತದೆ, ಉಳಿತಾಯ ಹೋಯಿತು. ಆಮೇಲೆ ನಡುವೆ ರಿಕವರಿ ಇದ್ದರೆ ಅದನ್ನು ಬಲಕ್ಕೆ ತಳ್ಳಿ, ಸಿಯನ್ನು ಹಿಗ್ಗಿಸಿ. ಸಿಯ ಎಡ ಅಂಚನ್ನು ಮಾತ್ರ ಮುಟ್ಟಬೇಡಿ. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪದ್ಧತಿಯ ಡಿಸ್ಕ್‌ನಲ್ಲಿ ಬೂಟ್ ದಾಖಲೆ ಅದರ ಶುರುವಿನ ಜಾಗವನ್ನೇ ನಂಬಿಕೊಂಡಿರುತ್ತದೆ.

ರಿಕವರಿ ಸರಿಸುವುದಿದ್ದರೆ, ಜಿಪಾರ್ಟೆಡ್‌ಗೆ ಹೋಗುವ ಮೊದಲು ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರೀಏಜೆಂಟ್‌ಸಿ /ಡಿಸೇಬಲ್’ (reagentc /disable) ಕೊಟ್ಟು ರಿಕವರಿ ಆಫ್ ಮಾಡಿ, ವಿಂಡೋಸ್‌ಗೆ ಮರಳಿ ಬಂದ ಮೇಲೆ ‘ರೀಏಜೆಂಟ್‌ಸಿ /ಎನೇಬಲ್’ (reagentc /enable) ಕೊಟ್ಟು ಆನ್ ಮಾಡಿ. ಮರಳಿ ವಿಂಡೋಸ್ ತೆರೆದಾಗ ಡಿಸ್ಕ್ ತಪಾಸಣೆ ತಾನಾಗಿಯೇ ಶುರುವಾಗುತ್ತದೆ. ಯಾವುದೇ ಕೀ ಒತ್ತಿ ತಪ್ಪಿಸದೆ ಮುಗಿಯಲು ಬಿಡಿ.