ವಿಶ್ವವಿದ್ಯಾಲಯದ ದೇಣಿಗೆ: ಖಾಸಗಿ ಪ್ರತಿಷ್ಠಾನವೋ, ಕಂಪನಿಯ ಸಿಎಸ್‌ಆರ್ ನಿಧಿಯೋ?

ಸಿಎಸ್‌ಆರ್ ನಿಧಿ, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ, ಹೋಲಿಕೆಯಲ್ಲಿ ಬೇಗ ಕೈಸೇರುತ್ತದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕಾಗಿರುವುದರಿಂದ, ಪ್ರಯೋಗಾಲಯದ ಉಪಕರಣ, ಹಾಸ್ಟೆಲ್, ವಿದ್ಯಾರ್ಥಿವೇತನದಂತಹ ಲೆಕ್ಕಕ್ಕೆ ಸಿಗುವ ಕೆಲಸಗಳಿಗೆ ಅದು ಸಲ್ಲುತ್ತದೆ. ಆದರೆ 2021ರ ತಿದ್ದುಪಡಿಯ ನಂತರ ಈ ಹಣವನ್ನು ಸಂಸ್ಥೆಯ ಮೂಲನಿಧಿಗೆ, ಅಂದರೆ ಕರಗಿಸದೆ ಕಾಯ್ದಿಟ್ಟು ಅದರ ಆದಾಯವನ್ನಷ್ಟೇ ಬಳಸುವ ಇಡುಗಂಟಿಗೆ, ಸೇರಿಸುವಂತಿಲ್ಲ.

ಪ್ರತಿಷ್ಠಾನದ ದಾರಿ ನಿಧಾನವಾದದ್ದು. ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದೂ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರಕ್ಕೆ ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 10 ವರ್ಷಗಳ ಅವಧಿಗೆ 225 ಕೋಟಿ ರೂಪಾಯಿಯ ನೆರವು ಘೋಷಿಸಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿಯನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುವ ಆ ಕೇಂದ್ರದ ಅಧ್ಯಯನವು, ಮಾರ್ಚ್ ತಿಂಗಳೊಳಗೆ ಖರ್ಚು ತೋರಿಸಬೇಕೆಂಬ ಹಣದಿಂದ ನಡೆಯುವಂಥದ್ದಲ್ಲ.

ಇಂತಹ ನಂಬಿಕೆ ಒಂದು ಮನವಿಪತ್ರದಿಂದ ಹುಟ್ಟುವುದಿಲ್ಲ. ಏನನ್ನೂ ಕೇಳದ ವರ್ಷದಲ್ಲೂ ಪ್ರಗತಿಯ ವರದಿ ಕಳುಹಿಸಬೇಕು, ಟ್ರಸ್ಟಿಗಳು ಬಂದಾಗ ಸಂಶೋಧನೆ ನಡೆಸುವವರೇ ಎದುರು ಕುಳಿತು ಮಾತನಾಡಬೇಕು, ಸೋತ ಪ್ರಯೋಗವನ್ನೂ ಮುಚ್ಚಿಡದೆ ಹೇಳಬೇಕು. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕುಲಪತಿಗಳ ಅವಧಿ 4 ವರ್ಷ ಮಾತ್ರವಾದ್ದರಿಂದ, ಪ್ರತಿಷ್ಠಾನವನ್ನು ಆರಿಸಿಕೊಳ್ಳುವವರು ಈ ಬಾಂಧವ್ಯವನ್ನು ಒಬ್ಬ ವ್ಯಕ್ತಿಗೆ ಕಟ್ಟಿಹಾಕದೆ, ಪ್ರತಿ ಭೇಟಿಯ ಟಿಪ್ಪಣಿಯೂ ಕಡತದಲ್ಲಿ ಉಳಿಯುವ ಒಂದು ಕಾಯಂ ಕಚೇರಿಯನ್ನು ಮೊದಲು ತೆರೆಯಬೇಕು.