ಹಿತ್ತಿಲ ನರಿಗೆ ನೀರೆರಚುವ ಯಂತ್ರ: 14 ತಿಂಗಳ ಬಳಕೆಯ ಅನುಭವ

ವಾಯವ್ಯ ಲಂಡನ್ನಿನ ನಮ್ಮ ಮನೆಯ ಹಿತ್ತಿಲಲ್ಲಿ ಕಳೆದ 14 ತಿಂಗಳಿಂದ ನರಿ ಓಡಿಸುವ ಯಂತ್ರವೊಂದಿದೆ. ಹುಲ್ಲಿನಲ್ಲಿ ಚುಚ್ಚಿ ನಿಲ್ಲಿಸುವ ಗೂಟ, ಅದರ ತಲೆಯ ಮೇಲೆ ತೋಟಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರಿನಂಥ ಮೂತಿ, ಮೂತಿಯ ಕೆಳಗೆ ಸೆನ್ಸರ್, ಹಿಂಬದಿಗೆ ಹೋಸ್ ಪೈಪಿನ ಜೋಡಣೆ, ಇಷ್ಟೇ ಅದರ ಸಂಸಾರ. ನಾಲ್ಕು ಸೆಲ್ ಹಾಕಿ ನಲ್ಲಿ ತಿರುಗಿಸಿ ಬಿಟ್ಟರೆ, ಎದುರು ಹಾದುಹೋಗುವ ಪ್ರಾಣಿಯ ಮೇಲೆ ಕೆಲವು ಸೆಕೆಂಡು ನೀರೆರಚಿ ಸುಮ್ಮನಾಗುತ್ತದೆ. ನಾನು ಕೊಟ್ಟದ್ದು 58 ಪೌಂಡ್. ಇದೇ ಬಗೆಯದನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದ ಹೆಸರು ಹೇಳುವುದಕ್ಕಿಂತ ಅದರ ಗುಣಾವಗುಣಗಳನ್ನು ಹೇಳುವುದೇ ಕೊಳ್ಳುವವರಿಗೆ ಉಪಯೋಗವಾದೀತು.

ಬೆಳಗೆದ್ದು ನರಿಯ ಮುಖ ನೋಡಿದರೆ ಅದೃಷ್ಟ ಎಂಬ ಮಾತು ನಿಜವಾಗಿದ್ದರೆ ಲಂಡನ್ನಿನಲ್ಲಿ ನತದೃಷ್ಟರೇ ಇರಬಾರದಾಗಿತ್ತು. ಈ ನಗರದಲ್ಲಿ ಸುಮಾರು 10,000 ನರಿಗಳಿವೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನಮ್ಮ ಕಡೆ ಹೊಲದಂಚಿನಲ್ಲಿ ಊಳಿಡುವ ನರಿಯಲ್ಲ ಇದು. ಕೆಂಗಂದು ಮೈಯ, ತುದಿ ಬಿಳಿಯಾದ ಪೊದೆಬಾಲದ, ಐದಾರು ಕಿಲೋ ತೂಗುವ ಕೆಂಪು ನರಿ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ನಗರದ ಸುತ್ತ ಉದ್ದುದ್ದ ಹಿತ್ತಿಲುಗಳ ಜೋಡಿಮನೆಗಳು ಎದ್ದಾಗ, ಅಂದರೆ 1930ರ ದಶಕದಿಂದೀಚೆಗೆ, ಅದು ಇಲ್ಲಿ ನೆಲೆಯೂರಿತು. ನಮ್ಮ ಮನೆಯೂ ಆ ಕಾಲದ್ದೇ ಆದ್ದರಿಂದ, ಹತ್ತು ವರ್ಷದ ಹಿಂದೆ ಬಂದ ನಮಗಿಂತ ನರಿಯ ವಂಶವೇ ಇಲ್ಲಿನ ಹಳೆಯ ಒಕ್ಕಲು. 2011ರ ಫೆಬ್ರವರಿಯಲ್ಲಿ, ಇನ್ನೂ ಕಟ್ಟುತ್ತಿದ್ದ ಶಾರ್ಡ್ ಗೋಪುರದ 72ನೆಯ ಮಹಡಿಯಲ್ಲಿ ಕೆಲಸಗಾರರು ಬಿಟ್ಟ ಊಟದ ಚೂರು ತಿಂದು ಬದುಕಿದ್ದ ನರಿಯೊಂದು ಸಿಕ್ಕಿತ್ತು. ಊಟ ಇರುವಲ್ಲಿಗೆ ಮೆಟ್ಟಿಲು ಹತ್ತಿಯಾದರೂ ಬರುವ ಪ್ರಾಣಿ ಅದು.

ನಾನು ಯಂತ್ರ ಕೊಂಡದ್ದಕ್ಕೆ ಕಾರಣ ಕಳೆದ ವರ್ಷ ಜೂನ್ ತಿಂಗಳ ಒಂದು ಸಂಜೆ. ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಅಮ್ಮ ಹಿತ್ತಿಲ ಬಾಗಿಲು ತೆರೆದಿಟ್ಟುಕೊಂಡು ಹುರುಳಿಕಾಯಿ ಸೋಸುತ್ತಿದ್ದರು. ನರಿ ಹೊಸ್ತಿಲು ದಾಟಿ ಒಳಗೆ ಬಂದು, ಕಸದ ಡಬ್ಬಿಯ ಪಕ್ಕದಲ್ಲಿ ನಿಂತು, ಅಮ್ಮನನ್ನು ನೋಡಿತು. ಅಮ್ಮ ಹಚಾ ಹಚಾ ಎಂದರು. ಅದು ಹಿಂಗಾಲು ಮಡಚಿ ಕೂತಿತು. ‘ಇದೇನೋ, ನಾಯಿ ಹಾಗೆ ಕೂತುಬಿಡ್ತಲ್ಲೋ!’ ಎಂಬ ಕೂಗು ಕೇಳಿ ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ, ಬಾಗಿಲ ಬಳಿಯಿದ್ದ ನನ್ನ ಹವಾಯಿ ಚಪ್ಪಲಿಯೊಂದನ್ನು ಕಚ್ಚಿಕೊಂಡು, ಓಡದೆ, ನಡೆದುಕೊಂಡೇ ಹೊರಟಿತು. ನನ್ನನ್ನು ಕಂಗೆಡಿಸಿದ್ದು ಅದು ಒಳಗೆ ಬಂದದ್ದಕ್ಕಿಂತ ಹೋಗುವಾಗಲೂ ಓಡದೆ ಇದ್ದದ್ದು.

ಅಮ್ಮನ ಮೊದಲ ಚಿಂತೆ ಹುಚ್ಚುನಾಯಿ ರೋಗದ್ದು. ಬ್ರಿಟನ್ನಿನಲ್ಲಿ 1922ರಲ್ಲೇ ಸ್ಥಳೀಯ ರೇಬೀಸ್ ತೊಲಗಿದೆ. ಬಾವಲಿಗಳಲ್ಲಿರುವ ಅದರ ಬಂಧು ವೈರಸ್ಸನ್ನು ಬಿಟ್ಟರೆ ಆ ಭಯವಿಲ್ಲ ಎಂದು ಒಪ್ಪಿಸಲು ಎರಡು ದಿನ ಹಿಡಿಯಿತು. ಕಡಿತದ ಪ್ರಕರಣಗಳು ನಡೆದಿಲ್ಲವೆಂದಲ್ಲ. 2010ರಲ್ಲಿ ಹ್ಯಾಕ್ನಿಯಲ್ಲಿ ಅವಳಿ ಹಸುಳೆಗಳು ಮಲಗಿದ್ದ ಕೋಣೆಗೆ ನುಗ್ಗಿದ ನರಿ ಅವರನ್ನು ತೀವ್ರವಾಗಿ ಗಾಯಗೊಳಿಸಿತ್ತು. 2013ರಲ್ಲಿ ಬ್ರೋಮ್ಲಿಯಲ್ಲಿ ಒಂದು ಶಿಶುವಿನ ಬೆರಳು ತುಂಡಾಗಿ, ವೈದ್ಯರು ಅದನ್ನು ಮತ್ತೆ ಜೋಡಿಸಬೇಕಾಯಿತು. ಇಂಥವು ಬಹಳ ಅಪರೂಪವಾದ್ದರಿಂದಲೇ ಇಷ್ಟು ವರ್ಷಗಳ ಮೇಲೂ ಊರು ಅವನ್ನು ನೆನಪಿಟ್ಟುಕೊಂಡಿದೆ. ಆದರೂ ಎಳೆಮಕ್ಕಳಿರುವ ಮನೆಯಲ್ಲಿ ನರಿಗೆ ಮನುಷ್ಯರ ಅಂಜಿಕೆ ಉಳಿದಿರಬೇಕೆಂದು ಬಯಸುವುದು ಅತಿಯಾಸೆಯೇನಲ್ಲ.

ನಮ್ಮ ಭಾಗದ ಸ್ಥಳೀಯ ಆಡಳಿತವಾದ ಬರೋ ಕಚೇರಿಗೆ ಫೋನ್ ಮಾಡಿದರೆ, ಇಲಿ ಹೆಗ್ಗಣಗಳ ಹಾಗಲ್ಲ, ನರಿಯನ್ನು ನಿಯಂತ್ರಿಸುವ ಹೊಣೆ ತಮ್ಮದಲ್ಲವೆಂದು ಸೌಜನ್ಯದಿಂದ ಹೇಳಿದರು; ಕಾನೂನೂ ಹಾಗೆಯೇ ಇದೆ. ವಿಷವಿಡುವುದು ಅಪರಾಧ, ಪ್ರಾಣಿ ಒಳಗಿರುವಾಗ ಬಿಲ ಮುಚ್ಚುವುದೂ ಅಪರಾಧ, ಡೀಸೆಲ್ಲಿನಂಥ ಅನುಮತಿಯಿಲ್ಲದ ದ್ರವ ಸುರಿದು ಓಡಿಸುವುದೂ ಸಲ್ಲದು. ಬೋನಿಟ್ಟು ಹಿಡಿದು ಕೊಲ್ಲುವ ಖಾಸಗಿಯವರು ಇದ್ದಾರೆ, ಅದು ಕಾನೂನಿಗೆ ವಿರುದ್ಧವೂ ಅಲ್ಲ. ಆದರೆ ನರಿಗೆ ತನ್ನದೇ ಸರಹದ್ದು ಇರುತ್ತದೆ. ಒಂದು ಸತ್ತು ಜಾಗ ಖಾಲಿಯಾದರೆ ಪಕ್ಕದ್ದೊಂದು ಕೆಲವೇ ವಾರಗಳಲ್ಲಿ ಅಲ್ಲಿ ಠಿಕಾಣಿ ಹೂಡುತ್ತದೆ. 1994ರಿಂದ ಬ್ರಿಸ್ಟಲ್ ನಗರದಲ್ಲಿ ಕಜ್ಜಿರೋಗ ಹಬ್ಬಿ 95 ಶೇಕಡಕ್ಕೂ ಹೆಚ್ಚು ನರಿಗಳು ಸತ್ತಿದ್ದವು. ಅಲ್ಲೂ ಅವು ವರ್ಷಗಳ ಮೇಲೆ ಮರಳಿ ತುಂಬಿಕೊಂಡವು. ಇರುವ ನರಿಗೆ ಈ ಹಿತ್ತಿಲು ಬೇಡವೆನಿಸುವಂತೆ ಮಾಡುವುದೊಂದೇ ನನಗೆ ಉಳಿದ ದಾರಿಯಾಗಿತ್ತು.

ಮೊದಲು ಅಗ್ಗದವನ್ನೇ ಕೊಂಡೆ. ಅಲ್ಯೂಮಿನಿಯಂ ಅಮೋನಿಯಂ ಸಲ್ಫೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ನರಿ ಕೆರೆದ ಕಡೆ, ಉಚ್ಚೆ ಹೊಯ್ದ ಕಡೆ ಸಿಂಪಡಿಸಬೇಕು. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಿದ್ದ ಪಟಿಕದ ದಾಯಾದಿ ಅದು. ನರಿ ತನ್ನ ವಾಸನೆ ಮಾಸಿತೆಂದು ತಿಳಿದು ಮಾರನೆಯ ರಾತ್ರಿಯೇ ಹೊಸದಾಗಿ ಗುರುತು ಹಾಕಿ ಹೋಗುತ್ತಿತ್ತು. ಎರಡು ವಾರ ಪಟ್ಟುಹಿಡಿದು ಸಿಂಪಡಿಸಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಲಂಡನ್ನಿನ ಮಳೆ ಎರಡು ದಿನವೂ ಪುರಸೊತ್ತು ಕೊಡಲಿಲ್ಲ. ದೊಡ್ಡವರ ಕಿವಿಗೆ ಕೇಳದಷ್ಟು ಕೀರಲು ಶಬ್ದ ಹೊರಡಿಸುವ ಡಬ್ಬಿಯಿಂದ ತೊಂದರೆಯಾದದ್ದು ನನ್ನ ಮಗಳ ಕಿವಿಗೆ ಮಾತ್ರ.

ನೀರಿನ ಯಂತ್ರ ಬಂದ ಮೊದಲ ರಾತ್ರಿ ಅಡುಗೆಮನೆಯ ದೀಪ ಆರಿಸಿ ಕಾದು ಕುಳಿತೆವು. ಹನ್ನೊಂದು ಗಂಟೆಯ ಸುಮಾರಿಗೆ ಬೇಲಿಯ ಅಡಿಯ ಸಂದಿನಿಂದ ತೂರಿ ಬಂದ ನರಿ ನಾಲ್ಕು ಹೆಜ್ಜೆ ಇಡುತ್ತಲೇ ಟಕ್ ಎಂದು ವಾಲ್ವ್ ತೆರೆದು ನೀರು ಬಡಿಯಿತು. ಅದು ನಿಂತ ನಿಲುವಿನಲ್ಲೇ ಗಾಳಿಗೆ ಹಾರಿ, ತಿರುಗಿ, ಆರಡಿಯ ಬೇಲಿಯನ್ನು ಒಂದೇ ನೆಗೆತಕ್ಕೆ ದಾಟಿತು. ಎರಡು ವಾರ ಅದರ ಸುಳಿವಿರಲಿಲ್ಲ. ಮೂರನೆಯ ವಾರ ಮತ್ತೆ ಬಂತು, ಈ ಸಲ ಯಂತ್ರದ ಕಡೆಗೆ ನೇರವಾಗಿ, ಮೆಲ್ಲಗೆ. ನೀರು ಚಿಮ್ಮಲಿಲ್ಲ. ಇದರಲ್ಲಿರುವ ಇನ್‌ಫ್ರಾರೆಡ್ ಸೆನ್ಸರ್ ಮೈಯ ಶಾಖ ತನ್ನ ಎದುರು ಅಡ್ಡಡ್ಡ ಸರಿದಾಗ ಚೆನ್ನಾಗಿ ಗುರುತಿಸುತ್ತದೆ. ತನ್ನತ್ತಲೇ ನೇರ ಬರುವುದನ್ನು ತಡವಾಗಿ ಗುರುತಿಸುತ್ತದೆ. ಪೆಟ್ಟಿಗೆಯಲ್ಲಿದ್ದ ಕೈಪಿಡಿಯಲ್ಲಿ ಈ ಮಾತೇ ಇಲ್ಲ, ಇದು ದೊಡ್ಡ ಲೋಪ. ನರಿ ದಿನವೂ ಒಂದೇ ಜಾಡಿನಲ್ಲಿ ನಡೆಯುತ್ತದೆ, ಹುಲ್ಲು ಅಷ್ಟಗಲ ಮಲಗಿರುತ್ತದೆ. ಯಂತ್ರವನ್ನು ಆ ಜಾಡಿನ ತುದಿಯಲ್ಲಿ ನೆಡದೆ ಪಕ್ಕದಲ್ಲಿ ನೆಡಬೇಕು, ವಾರಕ್ಕೊಮ್ಮೆ ಎರಡು ಮಾರು ಆಚೀಚೆ ಸರಿಸುತ್ತಲೂ ಇರಬೇಕು. ಹಾಗೆ ಮಾಡಿದ ಮೇಲೆಯೇ ನನಗೆ ಕೊಟ್ಟ ಹಣ ವಸೂಲಾಗತೊಡಗಿದ್ದು.

ಆದರೂ ನರಿ ಬರುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಕಾರಣ ಹುಡುಕುತ್ತ ಹೋದರೆ ತಪ್ಪು ನಮ್ಮ ಕಡೆಗೇ ಬೆರಳು ತೋರಿಸಿತು. ಮೆಂತ್ಯ, ಕೊತ್ತಂಬರಿ ಮಡಿಗೆ ನಾನು ಹಾಕುತ್ತಿದ್ದದ್ದು ಮೀನು, ರಕ್ತ, ಮೂಳೆಗಳ ಪುಡಿಯ ಗೊಬ್ಬರ. ಅದರ ವಾಸನೆಗೆ ನರಿ ಅಲ್ಲೇನೋ ಹೂತಿದೆಯೆಂದು ಮಡಿಯನ್ನೇ ಅಗೆದು ಹಾಕುತ್ತಿತ್ತು. ಹಕ್ಕಿಗಿಟ್ಟ ಕಡಲೆಕಾಯಿ ಬೀಜ ಕೆಳಗೆ ಚೆಲ್ಲುತ್ತಿತ್ತು. ಹಿಂದಿನ ವರ್ಷದ ಮಹಾಲಯ ಅಮಾವಾಸ್ಯೆಗೆ ಕಾಗೆಗೆಂದು ಹುಲ್ಲಿನ ಮೇಲಿಟ್ಟ ಎಡೆಯಲ್ಲಿ ಉದ್ದಿನ ವಡೆ ಒಂದೂ ಉಳಿದಿರಲಿಲ್ಲ. ಪಿತೃಗಳು ತೃಪ್ತರಾದರೆಂದು ನಾವು ಸಂತೋಷಪಟ್ಟಿದ್ದೆವು, ಬಾಳೆಲೆಯ ಮೇಲಿದ್ದ ಹೆಜ್ಜೆಗುರುತನ್ನು ನೋಡಿಯೂ ನೋಡದಂತೆ ಇದ್ದೆವು. ಎರಡು ಮನೆಯಾಚೆಯ ವೃದ್ಧೆಯೊಬ್ಬರು ಪ್ರತಿ ಸಂಜೆ ಕೈಯಿಂದಲೇ ಕೋಳಿಚೂರು ತಿನ್ನಿಸುತ್ತಿದ್ದುದೂ ಆಗಲೇ ತಿಳಿಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಹುಟ್ಟುವ ಮರಿ ಬಿಲದಿಂದ ಹೊರಬಂದಾಗಿನಿಂದ ಮನುಷ್ಯರ ಕೈಯಲ್ಲಿ ತಿನಿಸನ್ನೇ ಕಂಡಿದ್ದರೆ, ಹಚಾ ಎಂದವರನ್ನು ಅದು ಊಟ ತಡವಾಗಿಸುತ್ತಿರುವವರೆಂದೇ ತಿಳಿದೀತು. ಆ ವೃದ್ಧೆಯನ್ನು ಒಪ್ಪಿಸಲು ಹೋದವರು ಅಮ್ಮ, ಹರುಕುಮುರುಕು ಇಂಗ್ಲಿಷಿನಲ್ಲಿ, ಡಬ್ಬಿಯಲ್ಲಿ ಚಕ್ಕುಲಿ ಹಿಡಿದುಕೊಂಡು. ಅವರು ತಿನ್ನಿಸುವುದನ್ನು ಬಿಡಲಿಲ್ಲ, ಆದರೆ ಕೈಯಿಂದ ಕೊಡುವುದನ್ನು ಬಿಟ್ಟು ಹಿತ್ತಿಲ ಕೊನೆಯಲ್ಲಿ ಸ್ವಲ್ಪವೇ ಇಟ್ಟು ಒಳಗೆ ಹೋಗಲು ಒಪ್ಪಿದರು.

ಗೊಬ್ಬರ ಬದಲಿಸಿ, ಶೆಡ್ಡಿನ ಅಡಿಗೆ ತಂತಿಜಾಲರಿ ಬಿಗಿದು, ಆಹಾರದ ಕಸದ ಡಬ್ಬಿಯ ಹಿಡಿಕೆಯನ್ನು ಮುಂದಕ್ಕೆ ಮಡಚಿ ಬೀಗದಂತೆ ಕೂರಿಸುವ ಅಭ್ಯಾಸ ಮಾಡಿಕೊಂಡೆವು. ನಗರದ ನರಿ ಹೊಸ ವಸ್ತುವನ್ನು ಮುಟ್ಟಿ ನೋಡುವಷ್ಟು ಧೈರ್ಯದ್ದಾದರೂ ಒಗಟು ಬಿಡಿಸಿ ಒಳಗಿನ ತಿನಿಸು ತೆಗೆಯುವುದರಲ್ಲಿ ಹಳ್ಳಿಯ ನರಿಗಿಂತ ಮುಂದಿಲ್ಲವೆಂದು ಹಲ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ. ನಮ್ಮ ಡಬ್ಬಿಯ ಮಟ್ಟಿಗೆ ಅದು ನಿಜವಾಯಿತು. ಈಗ ರಾತ್ರಿ ಹೆಣ್ಣುನರಿಯೊಂದು ಬೇಲಿಗುಂಟ ಹಾದುಹೋಗುತ್ತದೆ. ಬಾಗಿಲು ತೆರೆದ ಸದ್ದಿಗೇ ಕಾಲು ಕೀಳುತ್ತದೆ.

ಯಂತ್ರದ ಕುಂದುಗಳನ್ನೂ ಹೇಳಬೇಕು. ಪೈಪಿನ ಪ್ಲಾಸ್ಟಿಕ್ ಜೋಡಣೆ ನಾಲ್ಕನೆಯ ತಿಂಗಳಿಗೇ ಸೋರಿತು. ಹಿತ್ತಾಳೆಯದನ್ನು ನಾನೇ ತಂದು ಹಾಕಿದೆ. ಗಾಳಿಗೆ ಆಡುವ ಒಗೆದ ಬಟ್ಟೆ, ಪಕ್ಕದ ಮನೆಯ ಬೆಕ್ಕು, ಗ್ಯಾಸ್ ಮೀಟರ್ ನೋಡಲು ಬಂದಾತ, ಯಾರಿಗೂ ರಿಯಾಯಿತಿಯಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದರಿಂದ ಕಳಚಿ ಒಳಗಿಡಬೇಕು. ನರಿಗಳು ಜೊತೆ ಹುಡುಕುತ್ತ ರಾತ್ರಿಯೆಲ್ಲ ಕಿರುಚುವ ತಿಂಗಳುಗಳೂ ಅವೇ ಎಂಬುದು ಇದನ್ನು ಮಾಡಿದವರಿಗೆ ಹೊಳೆದಂತಿಲ್ಲ. ಒಟ್ಟಾರೆ 5ಕ್ಕೆ 3.5 ಅಂಕ ಕೊಡುತ್ತೇನೆ. ಹಿತ್ತಿಲನ್ನು ಚೊಕ್ಕಟ ಮಾಡದೆ ಇದೊಂದನ್ನೇ ನಂಬುವವರು 2 ಎಂದು ಓದಿಕೊಳ್ಳಬಹುದು.

ಹಗಲು, ರಾತ್ರಿ, ಸದಾಕಾಲ ಎಂದು ಮೂರು ಗುರುತುಗಳಿರುವ ತಿರುಪು ಹಿಂಬದಿಯಲ್ಲಿದೆ, ಅದನ್ನು ರಾತ್ರಿಗೇ ಇಡಿ. ಕಳೆದ ಮಹಾಲಯ ಅಮಾವಾಸ್ಯೆಯಂದು ನಾನು ಅದನ್ನು ಮರೆತಿದ್ದೆ. ಈ ಸಲ ಎಡೆಯನ್ನು ಶೆಡ್ಡಿನ ಮಾಡಿನ ಮೇಲಿಟ್ಟು ಕಾಗೆ ಮುಟ್ಟುವವರೆಗೂ ಕಾಯುವೆನೆಂದು ಮಡಿಯುಟ್ಟು ಹೊರಟ ಅಮ್ಮನಿಗೆ, ಹಿತ್ತಿಲ ನಡುವೆ, ಎರಡನೆಯ ಸ್ನಾನವಾಯಿತು.